ಸಮುದ್ರಕ್ಕೆ ಕೊಟ್ಟ ಕೈ

ಒಂದಾನೊಂದು ಊರಿನಲ್ಲಿ ಒಬ್ಬ ರಾಜಕುಮಾರಿ ಇದ್ದಳಂತೆ. ಮಲತಾಯಿ ಅವಳ ಮುಂದೆ ರಾಗಿ, ಸಾಸಿವೆ ಬೆರೆಸಿದ ರಾಶಿ ಸುರಿದು, ಬೆಳಗಾಗುವುದರೊಳಗೆ ಬೇರೆ ಮಾಡು ಎಂದಳಂತೆ. ರಾಜಕುಮಾರಿ ಅತ್ತಳು, ಇರುವೆಗಳು ಸಾಲುಗಟ್ಟಿ ಬಂದವು, ಕೆಲಸ ಮುಗಿಯಿತು. ವಾಯಿ ಎಂಬ ಊರಿನಲ್ಲಿದ್ದ ಅಜ್ಜಿ ಹೇಳುತ್ತಿದ್ದ ಈ ಕಥೆಯ ಬಗ್ಗೆ ಓವಿ ಆಗಾಶೆಗೆ ಈಗ ಒಂದೇ ತಕರಾರು. ಮುಂಬೈಯಲ್ಲಿ ಇರುವೆಗಳು ಸಹಾಯಕ್ಕೆ ಬರುವುದಿಲ್ಲ. ಬಂದರೂ ಸೀಗಡಿ ತಿಂದುಕೊಂಡು ಹೋಗುತ್ತವೆ.

ಅವಳಿಗೆ ಒಪ್ಪಿಸಿದ್ದ ಕೆಲಸ ಕೇಳುವುದಕ್ಕೆ ಸಣ್ಣದು. ಮೀನುಗಾರರ ಕೇರಿಯಾದ ಕೋಲಿವಾಡೆಯ ಹಿರೂಬಾಯಿ ಎಂಬ ಮೀನು ಮಾರುವ ಮುದುಕಿ, ಮೇ ತಿಂಗಳಲ್ಲಿ ಲಕ್ವ ಹೊಡೆದು ಸೋತ ತನ್ನ ಬಲಗೈಯಿಂದಲೇ ಒಂದು ತಟ್ಟೆ ಒಣಸೀಗಡಿಯ ತಲೆ-ಬಾಲ ಚಿವುಟಿ ಹಸನು ಮಾಡಬೇಕು. ಅಷ್ಟಾದರೆ ಓವಿಯ ಪ್ರಬಂಧ ಪೂರ್ತಿಯಾಗುತ್ತದೆ. ಇಲ್ಲದಿದ್ದರೆ ಆಕ್ಯುಪೇಶನಲ್ ಥೆರಪಿಯ ಸ್ನಾತಕೋತ್ತರ ಪದವಿ ಇನ್ನೊಂದು ವರ್ಷ ದೂರ ಹೋಗುತ್ತದೆ. ಉಣ್ಣುವುದು, ಉಡುವುದು, ಹೆರಳು ಹಾಕಿಕೊಳ್ಳುವುದು, ಹೀಗೆ ಕಾಯಿಲೆ ಕಿತ್ತುಕೊಂಡ ನಿತ್ಯದ ಕೆಲಸಗಳನ್ನು ಮೈಗೆ ಮತ್ತೆ ಕಲಿಸುವ ವಿದ್ಯೆ ಅದು ಎಂದು ಮನೆಯವರಿಗೆ ಹೇಳಿ ಹೇಳಿ ಓವಿಯ ಬಾಯಿ ಒಣಗಿತ್ತು. ಚಿಕ್ಕಪ್ಪ ಮಾತ್ರ ಇವತ್ತಿಗೂ ಬಂದವರೆದುರು, "ನಮ್ಮ ಓವಿ ಮುಂಬೈಯಲ್ಲಿ ಮಾಲೀಶು ಕಲೀತಿದ್ದಾಳೆ" ಎನ್ನುತ್ತಿದ್ದ.

ಪ್ರಬಂಧಕ್ಕೆ ಅವಳು ಆರಿಸಿಕೊಂಡ ಉಪಾಯವೂ ಅಜ್ಜಿಯ ಕಥೆಯಿಂದಲೇ ಎದ್ದು ಬಂದಂತಿತ್ತು. ನೆಟ್ಟಗಿರುವ ಕೈಗೆ ದಪ್ಪ ಗವಸು ತೊಡಿಸಿ ಸುಮ್ಮನೆ ಕೂರಿಸಿಬಿಟ್ಟರೆ, ಮಲಗಿದ ಕೈ ಬೇರೆ ದಾರಿಯಿಲ್ಲದೆ ಎದ್ದು ದುಡಿಯುತ್ತದೆ. ಆಸ್ಪತ್ರೆಗೆ ಬರುತ್ತಿದ್ದ ಉಳಿದ ರೋಗಿಗಳ ಕೈಗಳೆಲ್ಲ ಗೊಣಗುತ್ತಲೇ ಎದ್ದವು. ಒಬ್ಬರು ಅಂಗಿಯ ಗುಂಡಿ ಹಾಕಿಕೊಂಡರು, ಒಬ್ಬರು ಚಹಾ ಸೋಸಿದರು. ಹಿರೂಬಾಯಿಯ ಕೈ ಮಾತ್ರ ಮಡಿಲಲ್ಲಿ ಬಸವನಹುಳುವಿನ ಹಾಗೆ ಮುದುಡಿ ಕೂತಿತ್ತು.

"ಮನೇಲಿ ಗವಸು ಹಾಕ್ಕೊಂಡ್ರಾ, ಆಜಿ?"

"ಹಾಕ್ಕೊಂಡೆ ಪೋರಿ, ನಿನ್ನಾಣೆ."

"ಸೀಗಡಿ ಚಿವುಟಿದ್ರಾ?"

"ಹ್ಞೂಂ, ಚಿವುಟ್ದೆ."

"ಬಲಗೈಯಲ್ಲಿ?"

"ಮತ್ತೇನು, ಕಾಲಲ್ಲಾ?"

ಪಕ್ಕದ ಬೆಂಚಿನ ರೋಗಿಗಳೆಲ್ಲ ನಕ್ಕರು. ಓವಿ ನಗಲಿಲ್ಲ. ಜೇಡಿಮಣ್ಣಿನ ಉಂಡೆ ಕೊಟ್ಟರೆ, "ಇದೇನು, ಮಕ್ಕಳಾಟವಾ?" ಎಂದು ಮುದುಕಿ ಪಕ್ಕಕ್ಕಿಟ್ಟಿದ್ದಳು. ಬಟ್ಟೆ ಒಣಹಾಕುವ ಕ್ಲಿಪ್ಪು ಕೊಟ್ಟರೆ ಅದನ್ನು ಸೆರಗಿಗೆ ಸಿಕ್ಕಿಸಿಕೊಂಡು ಮನೆಗೆ ಹೋಗಿದ್ದಳು. ಕೊನೆಗೆ, "ನಿಮಗೇನು ಮಾಡೋಕಿಷ್ಟ, ನೀವೇ ಹೇಳಿ" ಎಂದಾಗ ಒಣಸೀಗಡಿ ಎಂದವಳೂ ಅವಳೇ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಓವಿ, ಮೂಗು ಮುಚ್ಚಿಕೊಂಡು ಒಣಸೀಗಡಿ ಕೊಂಡು, ಲೋಕಲ್ ಟ್ರೇನಿನ ಹೆಂಗಸರ ಬೋಗಿಯಲ್ಲಿ ಎಲ್ಲರ ಕಣ್ಣಿಗೆ ಗುರಿಯಾಗಿ ಹೊತ್ತು ತಂದಿದ್ದಳು. ಆದರೂ ಕೈ ಹೋದ ವಾರ ಎಲ್ಲಿತ್ತೋ ಅಲ್ಲೇ ಇತ್ತು.

ಹೊಟ್ಟೆ ಉರಿಸುತ್ತಿದ್ದ ಸಂಗತಿ ಇನ್ನೊಂದು. ಯಾರ ಮೇಲಾದರೂ ರೇಗಿ ಬೈಯುವಾಗ ಮುದುಕಿಯ ಬಲಗೈ ತಾನಾಗಿ ಮೇಲೇಳುತ್ತಿತ್ತು, ಹೆಬ್ಬೆರಳೂ ತೋರುಬೆರಳೂ ಕೂಡುತ್ತಿದ್ದವು. ಓವಿಯ ಕಣ್ಣು ಅತ್ತ ಬಿದ್ದದ್ದೇ ತಡ, ಕದ್ದು ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಕೈ ಸೆರಗಿನಡಿ ನುಸುಳುತ್ತಿತ್ತು.

"ಬೆರಳು ಆಡುತ್ತೆ ಮೇಡಂ, ಅವರೇ ಆಡಿಸಲ್ಲ" ಎಂದು ಓವಿ ಮಾರ್ಗದರ್ಶಕಿ ರೆಬೆಲೊ ಮೇಡಂ ಮುಂದೆ ಅತ್ತುಕೊಂಡಳು.

ಮೇಡಂ ಕನ್ನಡಕ ತೆಗೆದರು. "ರೋಗಿ ಮಾಡ್ತೀನಿ ಅಂತಾರೆ, ಮಾಡಲ್ಲ ಅಂತ ಪ್ರಬಂಧದಲ್ಲಿ ಬರೀತೀಯಾ? ಯಾಕೆ ಮಾಡಲ್ಲ ಅಂತ ಯಾರು ಹೇಳ್ಬೇಕು, ನಾನಾ? ಇಲ್ಲಿ ಕೂತು ಕಣ್ಣು ಬಿಟ್ಟುಕೊಂಡು ಕನಸು ಕಾಣೋ ಬದಲು ಅವರ ಮನೆಗೆ ಹೋಗು. ನಾರಳಿ ಪೂರ್ಣಿಮೆಗೆ ಮುಂಚೆ ನನ್ನ ಕಣ್ಣೆದುರು ಆ ತಟ್ಟೆ ಮುಗೀಬೇಕು. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ."

ಮರುದಿನ ಓವಿ ಜಿಟಿಜಿಟಿ ಮಳೆಯಲ್ಲಿ ಕೋಲಿವಾಡೆಗೆ ಹೋದಳು. ಮಳೆಗಾಲವಾದ್ದರಿಂದ ದೋಣಿಗಳೆಲ್ಲ ದಡದ ಮೇಲೆ ತಾಡಪಾಲು ಹೊದ್ದು ಮಲಗಿದ್ದವು; ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿದ ಮೇಲೆಯೇ ಅವು ನೀರಿಗಿಳಿಯುವುದು. ಹಿರೂಬಾಯಿಯ ಮನೆಯ ಬಾಗಿಲಲ್ಲಿ ಅವಳ ಕಣ್ಣಿಗೆ ಮೊದಲು ಬಿದ್ದದ್ದೇ ಗವಸು. ಸೊಸೆ ಪಾರು ಅದನ್ನು ತೊಟ್ಟು ಒಲೆಯ ಮೇಲಿನ ಸಾರಿನ ಪಾತ್ರೆ ಇಳಿಸುತ್ತಿದ್ದಳು.

"ಪಾರೂತಾಯಿ! ಅದು ಆಜಿದು!"

"ಗೊತ್ತು ಡಾಕ್ಟರ್‌ಬಾಯಿ. ಬಹಳ ಚೆನ್ನಾಗಿದೆ, ಬಿಸಿ ತಾಗೋದೇ ಇಲ್ಲ. ಇನ್ನೊಂದು ಸಿಗುತ್ತಾ?"

ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಪಾರು ಪಾತ್ರೆ ಇಳಿಸಿದವಳೇ ಬಂದು ಅನ್ನ ಕಲಸಿ ಅತ್ತೆಯ ಬಾಯಿಗೆ ತುತ್ತಿಟ್ಟಳು.

"ಅವರೇ ತಿನ್ಲಿ ಬಿಡಿ ತಾಯಿ. ನೀವು ತಿನ್ನಿಸಿದ್ರೆ ಕೈ ಯಾವಾಗ ಏಳ್ಬೇಕು?"

"ಹಾಂ! ಅತ್ತೆ ಅನ್ನ ಚೆಲ್ಲಾಡ್ಕೊಂಡು ತಿನ್ತಾ ಇದ್ರೆ, ಸೊಸೆ ಎಲ್ಲಿ ಸತ್ತಳು ಅಂತ ಕೇರಿಯವರು ನನ್ನನ್ನ ಸುಲಿದು ಒಣಹಾಕ್ತಾರೆ. ನಿಮಗೇನು, ನೀವು ಟ್ರೇನು ಹತ್ತಿ ಹೋಗ್ತೀರಿ."

ಓವಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು. ನೆಲದ ಮೇಲೆ ಧೊಪ್ಪನೆ ಕೂತಳು.

"ಆಜಿ, ನನ್ನ ಒಂದು ವರ್ಷ ಹೋಗುತ್ತೆ. ಹೋಗ್ಲಿ. ಆದ್ರೆ ನಿಜ ಹೇಳಿಬಿಡಿ. ನಿಮಗೆ ಈ ಕೈ ಬೇಡ್ವಾ?"

ಹಿತ್ತಿಲ ಬಾಗಿಲಲ್ಲಿ ಬಲೆಯ ಹರಕು ಕಟ್ಟುತ್ತಿದ್ದ ಗಂಡ ಪೋಶಾಜಿಯ ಕಡೆಗೊಮ್ಮೆ ನೋಡಿ ಮುದುಕಿ ದನಿ ತಗ್ಗಿಸಿದಳು. ಎಡಗೈ ಚಾಚಿದಳು. ಮೊಣಕೈಯವರೆಗೂ ಹಸಿರು ಗಾಜಿನ ಬಳೆ. "ಇದು ನನ್ನ ಗಂಡನ ಕೈ." ಬೋಳಾದ ಬಲಗೈಯನ್ನು ಎಡಗೈಯಿಂದಲೇ ಎತ್ತಿ ತೋರಿಸಿದಳು. "ಇದು ಸಮುದ್ರದ ಕೈ. ಮದುವೆ ದಿನ ನಾವು ಕೋಲಿ ಹೆಂಗಸರು ಈ ಕೈಯ ಬಳೆ ಎಲ್ಲಾ ತೆಗೆದು ನೀರಿಗೆ ಬಿಡ್ತೀವಿ. ಬಳೆ ನಿನಗೆ, ಗಂಡ ನನಗೆ ಅಂತ. ಅವತ್ತಿಂದ ಈ ಕೈಗೆ ಬಳೆ ಇಲ್ಲ."

"ಸರಿ, ಅದಕ್ಕೇನೀಗ?"

"ಅದಕ್ಕೇನಾ? ಮೇ ತಿಂಗಳ ಬಿರುಗಾಳೀಲಿ ಇವರ ದೋಣಿ ಸಿಕ್ಕಿಹಾಕ್ಕೊಂಡಿತ್ತು. ಎರಡು ದಿನ ಸುದ್ದಿ ಇಲ್ಲ. ದಡದಲ್ಲಿ ನಿಂತು, ಇನ್ನೇನು ಬೇಕೋ ತಗೋ, ಇವರನ್ನ ಬಿಡು ಅಂದೆ. ಬೆಳಗ್ಗೆ ಇವರು ಬಂದ್ರು. ಸಂಜೆ ನನ್ನ ಕೈ ಹೋಯ್ತು." ಅವಳ ಕಣ್ಣು ಬಾಗಿಲಾಚೆಯ ಬೂದುಬಣ್ಣದ ನೀರಿನ ಮೇಲಿತ್ತು. "ಲೆಕ್ಕ ಚುಕ್ತ ಆಯ್ತು ಪೋರಿ. ಈಗ ನಾನು ಕೈ ವಾಪಸು ತಗೊಂಡ್ರೆ ಅದು ಯಾರನ್ನ ಕೇಳುತ್ತೆ? ಪೂರ್ಣಿಮೆ ಆದ ಮೇಲೆ ದೋಣಿ ಇಳೀತದೆ."

 ಓವಿ ಇಷ್ಟು ದಿನ ಹಗ್ಗಜಗ್ಗಾಟ ಆಡಿದ್ದು ಮುದುಕಿಯ ಸೋಮಾರಿತನದ ಜೊತೆಯಲ್ಲ, ಅರಬ್ಬೀ ಸಮುದ್ರದ ಜೊತೆ! ಯಾವ ಪಠ್ಯಪುಸ್ತಕ ಇದಕ್ಕೆ ಮದ್ದು ಹೇಳುತ್ತದೆ?

ಬಾಗಿಲಿಂದ ಗುಡುಗು ಕೇಳಿತು. "ಅಂದ್ರೆ ನಾನು ಬದುಕಿದ್ದು ನಿನ್ನ ಕೈಯಿಂದ? ಚುಕ್ಕಾಣಿ ಹಿಡಿದೋನು ನಾನು! ಅಂಗೈ ಚರ್ಮ ಕಿತ್ತುಹೋಗಿತ್ತು!"

"ನೀವು ಸುಮ್ನಿರಿ. ಕಿವುಡರ ಹಾಗೆ ಕೂತಿದ್ರಲ್ಲ, ಹಾಗೇ ಇರಿ."

"ಮೂರು ತಿಂಗಳಿಂದ ಸೊಸೆ ಮಾಡಿದ ಸಾರಲ್ಲಿ ಸೀಗಡಿ ಮೀಸೆ ನುಂಗ್ತಾ ಇದ್ದೀನಿ ಕಣೇ!"

"ಮಾವಾ!" ಎಂದಳು ಪಾರು ಒಲೆಯ ಬಳಿಯಿಂದ.

ಈ ಗಲಾಟೆಯ ನಡುವೆ ಓವಿಗೆ ಅಜ್ಜಿಯ ಇನ್ನೊಂದು ಕಥೆಯಲ್ಲ, ಅಜ್ಜಿಯ ಏಟು ನೆನಪಾಯಿತು. ಪ್ರಸಾದಕ್ಕೆ ಎಡಗೈ ಚಾಚಿದಾಗ ಬಿದ್ದ ಏಟು.

"ಆಜಿ, ಹಸು ದಾನ ತಗೊಂಡೋನು ಕೊಟ್ಟಿಗೆ ಹೊತ್ಕೊಂಡು ಹೋಗ್ತಾನಾ? ನೀವು ಕೊಟ್ಟಿದ್ದು ಬಳೆ. ಕೈ ಕೊಟ್ಟಿಲ್ಲ."

"ಓದಿದೋಳು ನೀನು, ಮಾತು ಬರುತ್ತೆ."

"ಹೋಗ್ಲಿ ಬಿಡಿ. ಪೂರ್ಣಿಮೆ ದಿನ ನಿಮ್ಮನೆ ತೆಂಗಿನಕಾಯಿ ಸಮುದ್ರಕ್ಕೆ ಯಾರು ಬಿಡ್ತಾರೆ?"

"ಯಾರು ಅಂದ್ರೆ? ನಾನೇ. ಸೊಸೆಯಾಗಿ ಬಂದ ವರ್ಷದಿಂದ ನಾನೇ."

"ಈ ಸಲ ಯಾವ ಕೈಯಲ್ಲಿ ಬಿಡ್ತೀರಿ? ಎಡಗೈಯಲ್ಲಾ?"

ಪೋಶಾಜಿ ಬಲೆ ಪಕ್ಕಕ್ಕಿಟ್ಟ. 

"ಎಡಗೈಯಲ್ಲಿ ಕೊಟ್ರೆ ಭಿಕ್ಷುಕನೂ ಮುಖ ತಿರುಗಿಸ್ತಾನೆ" ಎಂದ ಪೋಶಾಜಿ ನಿಧಾನವಾಗಿ. "ಆಮೇಲೆ ದೋಣಿ ಹತ್ತೋನು ನಾನು."

"ಅದು ಸಮುದ್ರದ ಕೈ ಅಂತೀರಲ್ಲ," ಓವಿ ಬಿಡಲಿಲ್ಲ, "ಸಮುದ್ರದ ಕಾಯಿ ಹಿಡಿಯೋಕಾದ್ರೂ ಅದು ಏಳ್ಬೇಡ್ವಾ? ಈ ಮುದುಡಿದ ಬೆರಳಲ್ಲಿ ಕಾಯಿ ನಿಲ್ಲಲ್ಲ ಆಜಿ. ದಡದಲ್ಲೇ ಜಾರಿ ಬೀಳುತ್ತೆ, ಕೇರಿಯವರೆಲ್ಲರ ಮುಂದೆ."

ಮುದುಕಿ ತನ್ನ ಬೋಳು ಕೈಯನ್ನೇ ನೋಡಿದಳು. ಅದರ ಹತ್ತಿರ ಒಪ್ಪಿಗೆ ಕೇಳುತ್ತಿರುವ ಹಾಗಿತ್ತು. ಆಮೇಲೆ ಎಡಗೈ ಮುಂದೆ ಚಾಚಿ ಹೇಳಿದಳು, "ಪಾರೂ, ಆ ಗವಸು ತಾ. ಮಸಿ ಹಿಡಿಸಿದ್ದೀಯಲ್ಲೇ, ಮನೆಹಾಳಿ."

ಅಲ್ಲಿಂದಾಚೆ ಓವಿಯ ಕಷ್ಟ ತೀರಿತು ಎಂದಲ್ಲ. ಬಳೆ ತೆಗೆಯುವ ಹಾಗಿಲ್ಲ ಎಂದು ಗವಸಿನ ಹೊಲಿಗೆ ಬಿಚ್ಚಿ ಅಗಲ ಮಾಡಬೇಕಾಯಿತು. ಸೀಗಡಿ ಪುಡಿಯಾದಾಗಲೆಲ್ಲ ಓವಿಯ ವಂಶಕ್ಕೆಲ್ಲ ಬೈಗುಳ ಬಿತ್ತು. "ಪೋರಿ, ನಿನ್ನ ಗಂಡನಾಗೋನು ಪುಣ್ಯ ಮಾಡಿರ್ಬೇಕು, ಬೆಳಗಾದ್ರೆ ಪೀಡಿಸ್ತೀಯ!" ಪಾರು ಗೋಡೆಯತ್ತ ಮುಖ ಮಾಡಿ ಕೂತು, ಅತ್ತೆ ಅನ್ನ ಚೆಲ್ಲುವುದನ್ನು ನೋಡದೆ ಸಹಿಸಿದಳು. ಕೇರಿಯವರು ಕೇಳಿದರೆ ಪೋಶಾಜಿಯೇ ಬಾಗಿಲಿಗೆ ಬಂದು, "ಸಮುದ್ರದ ಕೆಲಸ ನಡೀತಿದೆ, ಮುಚ್ಕೊಂಡು ಹೋಗಿ" ಎನ್ನುತ್ತಿದ್ದ.

ಪೂರ್ಣಿಮೆ ಇನ್ನೇನು ಹತ್ತಿರ ಬಂದಾಗ ರೆಬೆಲೊ ಮೇಡಂ ಕೋಲಿವಾಡೆಗೆ ಬಂದು, ಚಾಪೆಯ ಮೇಲೆ ಕಾಲು ಮಡಚಿ ಕೂತರು. ತಟ್ಟೆಯ ತುಂಬ ಒಣಸೀಗಡಿ. ಮುದುಕಿಯ ಎಡಗೈ ಗವಸಿನೊಳಗೆ. ಅಲುಗಿದಾಗಲೆಲ್ಲ ಒಳಗಿಂದ ಬಳೆಗಳ ಕುಗ್ಗಿದ ಸದ್ದು. ಬಲಗೈ ಹೊರಟಿತು, ತಡವರಿಸಿತು, ಒಂದನ್ನು ಹಿಡಿಯಿತು. ಹೆಬ್ಬೆರಳು ನಡುಗಿತು. ಚಟ್. ತಲೆ ಬಿತ್ತು, ಬಾಲ ಬಿತ್ತು. ಸಹಾಯಕ್ಕೆ ಮುಂದೆ ಬಂದ ಪಾರುವಿನ ಕೈಗೆ ಪೋಶಾಜಿ ಫಟ್ಟನೆ ಹೊಡೆದ.

ನಡುವೆ ಒಮ್ಮೆ ಮುದುಕಿ ನಿಲ್ಲಿಸಿದಳು. ಬೆವರಿದ್ದಳು. ಓವಿ ಮುಂದಕ್ಕೆ ಬಾಗಿದಳು.

"ಏನು ನೋಡ್ತೀಯೇ ಬಾಯಿ ತೆಗೆದುಕೊಂಡು? ಬೆನ್ನು ತುರಿಸ್ತಿದೆ. ತುರ್ಸು."

ಓವಿ ತುರಿಸಿದಳು. ಬಲಗೈ ಮತ್ತೆ ಹೊರಟಿತು. ತಟ್ಟೆ ಖಾಲಿಯಾಗುತ್ತ ಬಂತು, ಪಕ್ಕದ ಬುಟ್ಟಿ ತುಂಬುತ್ತ ಬಂತು. ಕೊನೆಗೆ ತಟ್ಟೆಯಂಚಿಗೆ ಅಂಟಿಕೊಂಡಿದ್ದ ಒಂದೇ ಒಂದು ಸೀಗಡಿ ಉಳಿಯಿತು. ಅದು ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಮುದುಕಿ ಸಮುದ್ರವನ್ನೂ ಓವಿಯನ್ನೂ ಒಟ್ಟಿಗೆ ಬೈದು, ಅದನ್ನು ಚಿಮಟದ ಹಾಗೆ ಹಿಡಿದೆತ್ತಿದಳು.

ಚಟ್.