ಬಿಳಿ ಪರದೆ, ಆಟೋ ಐರಿಸ್

ಪೂಜಿತಾಳ ಮದುವೆಯ ವಿಡಿಯೋ ಸರಿಯಿಲ್ಲ ಎಂದು ಜಗಳಕ್ಕೆಂದೇ ರಾಮಮೂರ್ತಿ ನಗರದಿಂದ ಅವಳು ಮತ್ತು ಅವಳ ತಾಯಿ ಯಮುನಾ ಹಲಸೂರಿನ ನಮ್ಮ ಸ್ಟುಡಿಯೋಗೆ ಬಂದರು. ಕುರ್ಚಿ ತೋರಿಸಿದರೂ ಇಬ್ಬರೂ ಕೂರಲಿಲ್ಲ. ಯಮುನಾ ಪೆನ್ ಡ್ರೈವನ್ನು ಮೇಜಿನ ಮೇಲೆ ಇಟ್ಟರು. ಇಟ್ಟರು ಎನ್ನುವುದಕ್ಕಿಂತ ಕುಕ್ಕಿದರು.

ಆ ಮದುವೆಯನ್ನು ಶೂಟ್ ಮಾಡಿದವಳು ನಾನು.

ಬೌದ್ಧ ಪದ್ಧತಿಯ ಮದುವೆ. ಗಂಡು ಹೆಣ್ಣು ಇಬ್ಬರದೂ ಬಿಳಿ ಉಡುಪು, ನೆಂಟರಲ್ಲಿ ಹೆಚ್ಚಿನವರದೂ ಬಿಳಿ, ವೇದಿಕೆಯ ಹಿಂದೆ ಬಿಳಿ ಪರದೆ. ಅಷ್ಟು ಬಿಳುಪು ಕಂಡಾಗ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಭಾವಿಸಿ ಲೆನ್ಸಿನೊಳಗಿನ ಕಿಂಡಿಯನ್ನು ತಾನೇ ಕಿರಿದಾಗಿಸುತ್ತದೆ. ಅದೇ ಆಟೋ ಐರಿಸ್. ಬಟ್ಟೆ ಚೆನ್ನಾಗಿ ಬರುತ್ತದೆ, ಮುಖ ಕತ್ತಲಾಗುತ್ತದೆ. ಮುಖದ ಮೇಲೆ ಝೂಮ್ ಮಾಡಿ, ಬೆಳಕು ಹೊಂದಿಕೊಂಡ ಮೇಲೆ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಳ್ಳಿದರೆ ಸಾಕು, ಕಿಂಡಿ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಆ ಸ್ವಿಚ್ಚಿನ ಮೇಲೆ ನಮ್ಮ ಮಾಲೀಕ ಮುತ್ತುರಾಜ್ ಟೇಪ್ ಅಂಟಿಸಿದ್ದರು. ಹಿಂದೆ ಯಾರೋ ಮ್ಯಾನ್ಯುಯಲ್‌ನಲ್ಲೇ ಬಿಟ್ಟು ಮರೆತು, ಬಿಸಿಲಿನ ಮೆರವಣಿಗೆಯೆಲ್ಲ ಸುಣ್ಣ ಬಳಿದ ಹಾಗೆ ಬಂದಿತ್ತಂತೆ. ಟೇಪ್ ಕಿತ್ತವರು ಹಾಗೇ ಮನೆಗೆ ಹೋಗಬಹುದು ಎಂದು ಮೊದಲ ದಿನವೇ ನನಗೆ ಹೇಳಿದ್ದರು. ನಾಲ್ಕು ಸ್ಟುಡಿಯೋಗಳು ಹೆಂಗಸಿಗೆ ಕ್ಯಾಮೆರಾ ಕೊಡುವುದಿಲ್ಲ ಎಂದ ಮೇಲೆ ಸಿಕ್ಕಿದ ಕೆಲಸ ಇದು. ನಾನು ಕೀಳಲಿಲ್ಲ.

ಮುತ್ತುರಾಜ್ ಟಿವಿಯಲ್ಲಿ ವಿಡಿಯೋ ಹಾಕಿದರು. ಬುದ್ಧಂ ಶರಣಂ ಗಚ್ಛಾಮಿ ಎಂದು ತ್ರಿಶರಣ ಹೇಳುವ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಸೀರೆಯ ನೆರಿಗೆಗಳನ್ನು ಎಣಿಸಬಹುದಿತ್ತು. ಹೇಳುತ್ತಿದ್ದವರ ಮುಖ ಮಾತ್ರ ಇರಲಿಲ್ಲ. ಎಡಿಟಿಂಗ್‌ನಲ್ಲಿ ಬೆಳಕು ಏರಿಸಿ ನೋಡಿದ್ದೆವು. ಮುಖಗಳು ಬೂದಿ ಬಳಿದಂತಾಗಿದ್ದವು. ಗಂಡನ ಮನೆಯಲ್ಲಿ ಎಲ್ಲರೂ ಸೇರಿ ನೋಡುವಾಗ, ಮದುಮಗಳನ್ನು ಹುಡುಕಿಕೊಡಿ ಎಂದು ಯಾರೋ ನಕ್ಕರಂತೆ. ಯಮುನಾ ಅದನ್ನು ಹೇಳುವಾಗ ನಮ್ಮತ್ತ ನೋಡಲಿಲ್ಲ.

"ಅಮ್ಮಾ, ಕ್ಯಾಮೆರಾ ಇರೋದನ್ನ ತೋರಿಸುತ್ತೆ," ಎಂದರು ಮುತ್ತುರಾಜ್. "ಬಣ್ಣ ನಾವು ಹಚ್ಚೋಕಾಗುತ್ತಾ?"

ಆಮೇಲೆ, ಬೆಳ್ಳಗಿರುವವರು ಇದೇ ಕ್ಯಾಮೆರಾದಲ್ಲಿ ಚೆನ್ನಾಗಿಯೇ ಬರುತ್ತಾರೆ, ಸ್ವಲ್ಪ ಒಳ್ಳೆಯ ಮೇಕಪ್ ಮಾಡಿಸಿಕೊಳ್ಳಬೇಕಿತ್ತು ಎಂದೂ ಸೇರಿಸಿದರು.

"ನಮ್ಮತ್ತೆ ಮುಖಾನೂ ಇಲ್ಲ, ಮದುವೆ ಮಾಡಿಸಿದ ಭಂತೇಜಿ ಮುಖಾನೂ ಇಲ್ಲ," ಎಂದಳು ಪೂಜಿತಾ. "ಭಂತೇಜಿಗೂ ಮೇಕಪ್ ಮಾಡಿಸ್ಬೇಕಿತ್ತಾ?"

ಮುತ್ತುರಾಜ್ ನನ್ನ ಕಡೆ ತಿರುಗಿದರು. "ಹಂಸ, ನೀನೇ ಹೇಳಮ್ಮ. ಕ್ಯಾಮೆರಾದಲ್ಲಿ ಏನಾದ್ರೂ ಪ್ರಾಬ್ಲಮ್ ಇತ್ತಾ?"

"ಕ್ಯಾಮೆರಾ ಸರಿಯಾಗೇ ಇತ್ತು," ಎಂದೆ. ಅದು ಸುಳ್ಳಲ್ಲ. ಸುಳ್ಳಾಗದ ಹಾಗೆ ಹೇಳುವುದು ನನಗೆ ಅಭ್ಯಾಸ.

ಇನ್ನೇನಿದೆ ಎನ್ನುವಂತೆ ಮುತ್ತುರಾಜ್ ಕೈ ಚೆಲ್ಲಿದರು. ಪೂಜಿತಾ ಟಿವಿಯತ್ತ ನೋಡಿದಳು. ನಂತರ ತಾಯಿಯ ತೋಳು ಹಿಡಿದು ಹೋಗೋಣ ಎಂದಳು. ಜಗಳದ ದನಿ ಹೋಗಿತ್ತು. ತಪ್ಪು ತನ್ನ ಬಣ್ಣದ್ದೇ ಎಂದು ನಂಬಿಬಿಟ್ಟಿದ್ದಾಳೆ ಎಂದು ನನಗೆ ಗೊತ್ತಾಯಿತು.

ಎರಡು ನಿಮಿಷ ನಿಲ್ಲಿ ಎಂದು ಅವಳನ್ನು ಪಾಸ್‌ಪೋರ್ಟ್ ಫೋಟೋ ತೆಗೆಯುವ ಬಿಳಿ ಗೋಡೆಯ ಮುಂದೆ ನಿಲ್ಲಿಸಿದೆ. ಕ್ಯಾಮೆರಾವನ್ನು ಟಿವಿಗೆ ಜೋಡಿಸಿ ರೆಕಾರ್ಡ್ ಒತ್ತಿದೆ. ಗೋಡೆ ತುಂಬಿದ ಚಿತ್ರದಲ್ಲಿ ಅವಳ ಮುಖ ಮದುವೆಯ ದಿನದಂತೆಯೇ ಕತ್ತಲಾಗಿತ್ತು. ಅದನ್ನು ಕೆಳಗಿಡು ಎಂದು ಮುತ್ತುರಾಜ್ ಎರಡು ಸಲ ಹೇಳಿದರು. ನಾನು ಟೇಪ್ ಕಿತ್ತೆ. ಝೂಮ್ ಮಾಡಿ, ಮ್ಯಾನ್ಯುಯಲ್‌ಗೆ ತಳ್ಳಿ, ಝೂಮನ್ನು ಮತ್ತೆ ಹಿಂದಕ್ಕೆ ತಂದೆ.

ಅವಳ ಮೂಗುತಿ ಕಂಡಿತು. ಹುಬ್ಬಿನ ಮೇಲಿನ ಸಿಡುಬಿನ ಕಲೆ ಕಂಡಿತು. ಕಣ್ಣುಗಳು ಕಂಡವು.

ಯಮುನಾ ಮುತ್ತುರಾಜ್‌ರನ್ನು ದಿಟ್ಟಿಸಿದರು. "ಏನಣ್ಣ, ಈಗ ಯಾರು ಬಣ್ಣ ಹಚ್ಚಿದ್ರು?"

ಮುತ್ತುರಾಜ್ ನನ್ನತ್ತ ತಿರುಗಿ, ನಾಳೆಯಿಂದ ಬರಬೇಡ ಎಂದರು, ಅಷ್ಟೇ.

ಪೂಜಿತಾ ಗೋಡೆ ಬಿಟ್ಟು ಕದಲಿರಲಿಲ್ಲ. "ಅವತ್ತು ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕತ್ತಲಾಗಿ ಬರ್ತಿದೆ ಅಂತ ಕಾಣ್ತಿತ್ತಾ?"

"ಕಾಣ್ತಿತ್ತು."

"ಮುಕ್ಕಾಲು ಗಂಟೆ ನನ್ನ ಮುಂದೇನೇ ನಿಂತಿದ್ರಿ."

ಟೇಪಿನ ವಿಷಯ, ಕೆಲಸದ ವಿಷಯ ಹೇಳಬಹುದಿತ್ತು. ಅದಕ್ಕೂ ಸರಿಯಾದ ವಾಕ್ಯಗಳು ನನ್ನ ಬಳಿ ಇದ್ದವು.

ಅವಳು ಹತ್ತಿರ ಬಂದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತನ್ನ ಮುಖವನ್ನು ನೋಡಿದಳು.

"ಚೆನ್ನಾಗಿ ಬಂದಿದೆ," ಎಂದಳು. "ಅಳಿಸಿ. ನಿಮ್ಮ ಹತ್ರ ಇರೋದು ಬೇಡ."

ನಾನು ಅಳಿಸುವವರೆಗೂ ಅವಳು ಪಕ್ಕದಲ್ಲೇ ನಿಂತು ನೋಡಿದಳು.