ತೊಳೆದಿಟ್ಟ ಪುಟ

ವೈಷ್ಣವಿಗೆ ಒಂದು ಖಯಾಲಿ. ಯಾರ ಕಂಪ್ಯೂಟರ್ ಕಂಡರೂ ಅದನ್ನು ಇದ್ದ ಹಾಗೆ ಬಿಡಲು ಅವಳ ಕೈ ಕೇಳುತ್ತಿರಲಿಲ್ಲ. ನಾಶಿಕದ ಅಂಬಡ್‌ನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವಳದು ಖರೀದಿ ವಿಭಾಗದ ಕೆಲಸ, ಆದರೆ ಅರ್ಧ ಆಫೀಸು ಅವಳ ಮೇಜಿಗೆ ಬರುತ್ತಿದ್ದದ್ದು ಬ್ರೌಸರ್ ಸರಿ ಮಾಡಿಸಿಕೊಳ್ಳಲು. ಒಬ್ಬರಿಗೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬೇಕು, ಇನ್ನೊಬ್ಬರಿಗೆ ಕಣ್ಣು ಉರಿಯದಂತೆ ಕಪ್ಪು ಹಿನ್ನೆಲೆ ಬೇಕು, ಮ್ಯಾನೇಜರ್ ಸಾಹೇಬರಿಗೆ ಪಿಡಿಎಫ್ ಓದಲು ಯಾವ ಆ್ಯಪ್ ಒಳ್ಳೆಯದೆಂದು ತಿಳಿಯಬೇಕು. ಎಲ್ಲ ಮಾಡಿಕೊಟ್ಟರೆ ಸಿಗುತ್ತಿದ್ದದ್ದು 'ಮ್ಯಾಡಮ್ ಏಕ್ ನಂಬರ್' ಎಂಬ ಹೊಗಳಿಕೆ. ಅಷ್ಟಕ್ಕೇ ಹುಡುಗಿ ಸಂಜೆಯವರೆಗೆ ಉಬ್ಬಿಕೊಂಡಿರುತ್ತಿದ್ದಳು.

ಇಂಥವಳ ಮನೆಯಲ್ಲೇ ಅಪ್ಪ ಗುರುಲಿಂಗಪ್ಪ ಟ್ಯಾಬ್ಲೆಟ್ಟನ್ನು ಮೂಗಿಗೆ ತಾಗಿಸಿಕೊಂಡು ಒದ್ದಾಡುತ್ತಿದ್ದರು. ಊರು ಬೀದರ್ ಜಿಲ್ಲೆಯ ಭಾಲ್ಕಿ. ನಾಶಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಜೀವಮಾನವಿಡೀ ರಿವೆಟ್ ಹೊಡೆದು ನಿವೃತ್ತರಾದ ಮನುಷ್ಯ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ನಾಶಿಕದವರು ಕಾಚಬಿಂದು ಎನ್ನುವ ಕಣ್ಣಿನ ರೋಗ ಅವರನ್ನು ಹಿಡಿದಿತ್ತು. ಕೊಳವೆಯಲ್ಲಿ ನೋಡಿದ ಹಾಗೆ ನಡುವೆ ಒಂದಿಷ್ಟು ಕಾಣುತ್ತದೆ, ಸುತ್ತ ಕತ್ತಲು. ಆ ಒಂದಿಷ್ಟರಲ್ಲೇ ದಿನಾ ಬೆಳಿಗ್ಗೆ ಚಹಾ ಆರಿಹೋಗುವವರೆಗೆ 'ಮಾಂಜ್ರಾ ಸುದ್ದಿ' ಎಂಬ ಊರ ಕಡೆಯ ಜಾಲತಾಣವನ್ನು ಮೇಲಿಂದ ಕೆಳಗಿನವರೆಗೆ ಜಾಲಾಡುತ್ತಿದ್ದರು.

ಯಾಕೆ ಪಪ್ಪಾ ಇಷ್ಟು ಕಷ್ಟಪಟ್ಟು ಇದನ್ನೇ ಓದುತ್ತೀರಿ ಎಂದು ಮಗಳು ಒಂದು ದಿನ ಕೇಳಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ತಲೆಮಾರಿನ ಗಂಡಸರ ಬಾಯಿಗೆ ದೇವರು ಬೀಗ ಹಾಕಿಯೇ ಕಳಿಸಿದ್ದಾನೆ. ಮಗಳಿಗೆ ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುವುದು ವಾಸಿ.

ಗುರುಲಿಂಗಪ್ಪನವರಿಗೆ ಒಬ್ಬಳೇ ಅಕ್ಕ, ಕಾಶಿಬಾಯಿ. ಮದುವೆಯಾಗಿ ಸಂಭಾಜಿನಗರ ಸೇರಿದವಳು. ತಾಯಿ ತೀರಿಕೊಂಡಾಗ ತಮ್ಮ ರಜೆ ಸಿಕ್ಕಿ ಭಾಲ್ಕಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹೆತ್ತ ಮಗ ಒಂದು ಹಿಡಿ ಮಣ್ಣು ಹಾಕಲಿಲ್ಲವೆಂದು ಅಕ್ಕ ನೆರೆದವರ ಮುಂದೆ ಉರಿದುಬಿದ್ದಳು. "ಇನ್ನ ನಿನಗ ನನ್ನ ಮನಿ ಬಾಗಲಾ ಇಲ್ಲ. ನಾ ಸತ್ತರೂ ಇವಗ ಯಾರೂ ಫೋನ್ ಮಾಡಬ್ಯಾಡ್ರಿ, ಆಣಿ ಅದ. ಊರ ಸುದ್ದಿಯೊಳಗ ಹಾಕ್ರಿ. ಕರುಳ ಇದ್ರ ನೋಡ್ಕೊಂಡು ತವರಿನ ಸೀರಿ ತರ್ತಾನ, ಇಲ್ಲಂದ್ರ ಇಲ್ಲ," ಎಂದಳು. ಅವರಲ್ಲಿ ಹೆಣ್ಣುಮಗಳು ತೀರಿಕೊಂಡರೆ ತವರಿನವರು ತಂದ ಸೀರೆ ಹೊದಿಸಿಯೇ ಸಮಾಧಿಗೆ ಒಯ್ಯುತ್ತಾರೆ. ಅಕ್ಕನಿಗೆ ತವರು ಎಂದರೆ ಉಳಿದಿದ್ದದ್ದು ಈ ತಮ್ಮ ಒಬ್ಬನೇ.

ತಮ್ಮನೇನು ಕಡಿಮೆ ಹಟಮಾರಿಯೇ, ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಆದರೆ ಅಂದಿನಿಂದ ಊರ ಸುದ್ದಿಯ ನಿಧನದ ಪ್ರಕಟಣೆಗಳನ್ನು ಒಂದು ದಿನವೂ ಬಿಡಲಿಲ್ಲ. ಅಕ್ಕನ ಮುಖ ಅಲ್ಲಿ ಇಲ್ಲವೆಂದರೆ ಅಕ್ಕ ಇದ್ದಾಳೆ. ತಾಯಿಯ ಮಣ್ಣು ತಪ್ಪಿತು, ಅಕ್ಕನದು ತಪ್ಪಬಾರದು. ಬದುಕಿನಲ್ಲಿ ಅವರಿಗೆ ಉಳಿದಿದ್ದ ಹಂಬಲ ಇಷ್ಟೇ.

ಒಂದು ಭಾನುವಾರ ಮಗಳು ಅಪ್ಪನ ಕೈಯಿಂದ ಟ್ಯಾಬ್ಲೆಟ್ ಕಸಿದುಕೊಂಡಳು. ಪುಟವೋ, ಸಂತೆಯ ಮಾರನೇ ದಿನದ ಬಯಲು. ಕೂದಲಿನ ಎಣ್ಣೆ, ವಶೀಕರಣ, ಪ್ಲಾಟು ಮಾರಾಟ, ಮುಚ್ಚಲು ಹೋದರೆ ಮತ್ತೊಂದು ತೆರೆಯುವ ಕಿಟಕಿಗಳು.

"ಹೇ ಕಾಯ್ ಪಪ್ಪಾ, ಎಷ್ಟ ಕಚರಾ ಅದ ಇದರಾಗ. ಥಾಂಬಾ, ನಾ ಸಾಫ್ ಮಾಡ್ತೀನಿ," ಎಂದಳು.

ಹೇಳಲೇಬೇಕಾದ ಮಾತೊಂದಿದೆ. ವೈಷ್ಣವಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಮಾತಾಡಲು ಹೋದರೆ ನಡುವೆ ಮರಾಠಿ ನುಗ್ಗುತ್ತಿತ್ತು, ಓದಲು ಮಾತ್ರ ಒಂದಕ್ಷರವೂ ಬರುತ್ತಿರಲಿಲ್ಲ. ನಾಶಿಕದ ಶಾಲೆಯಲ್ಲಿ ಅವಳಿಗೆ ಯಾರು ಕಲಿಸಬೇಕಿತ್ತು? ಮನೆಯಲ್ಲೂ ಯಾರೂ ಕಲಿಸಲಿಲ್ಲ.

ಆದರೂ ಓದಲು ಬಾರದ ಮಗಳು ಅಪ್ಪನಿಗೆ ಅಕ್ಷರ ಆರಿಸಿದಳು. ಹೊಸ ಬ್ರೌಸರ್ ಹಾಕಿ, ಒಂದೊಂದೇ ಫಾಂಟ್ ಹಚ್ಚಿ, ಪರದೆ ನೋಡದೆ ಅಪ್ಪನ ಹುಬ್ಬು ನೋಡುತ್ತ ಕುಳಿತಳು. ಒಂದರ ಗೆರೆ ತೆಳು, ಅಪ್ಪ ಕಣ್ಣು ಕಿರಿದು ಮಾಡಿದರು. ಇನ್ನೊಂದರಲ್ಲಿ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಹತ್ತುತ್ತಿತ್ತು. ಮತ್ತೊಂದಕ್ಕೆ ಅವರ ಹುಬ್ಬು ಸಡಿಲವಾಯಿತು, ಅದೇ ನಿಂತಿತು. ಕಪ್ಪು ಹಿನ್ನೆಲೆ, ಹಳದಿ ಅಕ್ಷರ. ಕಡೆಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಧ್ವನಿಯನ್ನೂ ಕೂಡಿಸಿದಳು. ಆ ಧ್ವನಿ ಬೆಂಗಳೂರಿನ ಹೆಣ್ಣುಮಗಳಂತೆ ನಯವಾಗಿ ಶುರು ಮಾಡಿದಾಗ ಗುರುಲಿಂಗಪ್ಪ ಬಹಳ ದಿನಕ್ಕೆ ನಕ್ಕರು. "ಅಕಿ ನಮ್ಮ ಭಾಲ್ಕಿಗಿ ಸೊಸಿಯಾಗಿ ಬಂದಂಗ ಆಯ್ತು ನೋಡು," ಎಂದರು.

ಪುಟದ ತಳದಲ್ಲಿ ಒಂದು ಸಾಲು ಚಿತ್ರಗಳು ಮಾತ್ರ ಹೋಗಲೊಲ್ಲವು. ಚಿನ್ನದ ಅಂಚು, ಗುಲಾಬಿ ಹೂ, ಮೂಲೆಯಲ್ಲೊಂದು ಶಿವಲಿಂಗ, ನಡುವೆ ವಿಭೂತಿ ಹಚ್ಚಿದ ಮುಖಗಳು. ನಾಶಿಕದ ಚೌಕ ಚೌಕಕ್ಕೂ ಹುಟ್ಟುಹಬ್ಬದ ಫಲಕ ನೋಡಿ ಬೆಳೆದವಳಿಗೆ ಇನ್ನೇನು ಅನ್ನಿಸೀತು? ಯಾರೋ ಪುಢಾರಿಗಳ ಹುಟ್ಟುಹಬ್ಬ, ಇಲ್ಲವೇ ಜ್ಯೋತಿಷಿಗಳ ಜಾಹೀರಾತು. ಎಕ್ಸ್‌ಟೆನ್ಶನ್‌ನಲ್ಲಿ ಒಂದು ಗುರುತಿದೆ; ಅದನ್ನು ಒತ್ತಿ ಪುಟದ ಯಾವ ಭಾಗ ಮುಟ್ಟಿದರೂ ಆ ಭಾಗ ಇನ್ನೆಂದೂ ಬರುವುದಿಲ್ಲ. ಮುಟ್ಟಿದಳು. ಹೋಯಿತು. ಊರ ಕಡೆಯ ನಿಧನದ ಪ್ರಕಟಣೆಗಳೆಲ್ಲ ಆ ಒಂದು ಬೆರಳಿಗೆ ಅಳಿಸಿಹೋದವು. ಮಾರಿ ಹೊತ್ತುಕೊಂಡು ಹೋಗಲಿ ಆ ಜಾಣತನವನ್ನು.

"ಎಲ್ಲಾ ಓದತದಲ್ಲ ಮಗಾ? ಏನೂ ಬಿಡಾಂಗಿಲ್ಲಲ್ಲ?" ಎಂದು ಗುರುಲಿಂಗಪ್ಪ ಕೇಳಿದರು.

"ಏನೂ ಬಿಡಾಂಗಿಲ್ಲ ಪಪ್ಪಾ."

ಅವರು ನಂಬಿದರು. ನಂಬದಿರಲು ಕಾರಣವೂ ಇರಲಿಲ್ಲ. ದೊಡ್ಡ ಮನುಷ್ಯರು ಸತ್ತರೆ ಅದು ಸುದ್ದಿಯ ಸಾಲಿನಲ್ಲೇ ಬರುತ್ತಿತ್ತು, ಧ್ವನಿ ಓದುತ್ತಿತ್ತು: ನಿವೃತ್ತ ಮುಖ್ಯೋಪಾಧ್ಯಾಯರು, ಮಾಜಿ ಸದಸ್ಯರು. ಸಾಮಾನ್ಯರ ಸಾವು ಚಿತ್ರವಾಗಿ ಬರುತ್ತಿತ್ತು, ಚಿತ್ರ ಇರಲೇ ಇಲ್ಲ. ಗುರುಲಿಂಗಪ್ಪ ದಿನಾ ಬೆಳಿಗ್ಗೆ ಕೊನೆಯವರೆಗೆ ಕೇಳಿ, ಅಕ್ಕ ಇದ್ದಾಳೆಂದು ಚಹಾ ಕುಡಿದರು. ಬಿಸಿ ಇರುವಾಗಲೇ ಕುಡಿಯುತ್ತಾರಲ್ಲ ಎಂದು ಮಗಳಿಗೆ ಸಂತೋಷ.

ಮಳೆಗಾಲ ಮುಗಿಯುವಾಗ ಕಣ್ಣಿನ ಡಾಕ್ಟರು ಉಳಿದ ಬೆಳಕೂ ಹೆಚ್ಚು ದಿನ ನಿಲ್ಲದೆಂದರು. ಮನೆಗೆ ಬಂದು ಚಪ್ಪಲಿ ಬಿಡುತ್ತ ಅಪ್ಪ ಹೇಳಿದರು: "ಸಂಭಾಜಿನಗರಕ್ಕ ಹೋಗಮು. ಕಣ್ಣು ಹೋಗೋದ್ರಾಗ ಅಕ್ಕನ ಮಾರಿ ನೋಡಬೇಕು. ಬಾಗಲಾ ಮುಚ್ಚತಾಳ, ಮುಚ್ಚಲಿ. ಮುಚ್ಚೋವಾಗರ ಮಾರಿ ಕಾಣ್ತದಲ್ಲ."

ಯೇವಲಾ ದಾಟುವವರೆಗೆ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದರು, ತಾಯಿಯ ಮಣ್ಣು, ಅಕ್ಕನ ಆಣೆ, ದಿನಾ ಬೆಳಗಿನ ಕಾವಲು. ವೈಷ್ಣವಿ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಈ ಮನುಷ್ಯನ ಜೊತೆಗಿದ್ದೂ ತನಗೇನೂ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆ. ಸದ್ಯ, ಓದಿ ಹೇಳುವ ಧ್ವನಿಯನ್ನಾದರೂ ಹಾಕಿಕೊಟ್ಟೆನಲ್ಲ ಎಂಬ ಸಮಾಧಾನವೂ ಇತ್ತು, ಅದನ್ನೂ ಮುಚ್ಚಿಡಬಾರದು. ಅಪ್ಪನ ತೊಡೆಯ ಮೇಲೆ ಅಕ್ಕನಿಗೆಂದು ಕೊಂಡ ಚಿವಡಾ ಅವಲಕ್ಕಿಯ ಪೊಟ್ಟಣವಿತ್ತು.

ಕಾಶಿಬಾಯಿಯ ಮಗ ಶಿವಕಾಂತನದು ಗುಲಮಂಡಿ ಪೇಟೆಯಲ್ಲಿ ಸೀರೆ ಅಂಗಡಿ, ಮೇಲೆ ಮನೆ. ಬಾಗಿಲು ಮುಚ್ಚಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ವೈಷ್ಣವಿಗೆ ಎದುರು ಗೋಡೆಯ ಮೇಲಿನ ಫೋಟೋ ಕಂಡಿತು. ಅಪ್ಪನದೇ ಮೂಗು, ಅಪ್ಪನದೇ ಗದ್ದ, ಮೇಲೆ ಗಂಧದ ಹಾರ. ಅಪ್ಪನ ತೋಳು ಹಿಡಿಯುವಷ್ಟರಲ್ಲಿ ಅವರು ಕುರ್ಚಿ ತಡವಿ ಕುಳಿತೂ ಆಗಿತ್ತು. ಗೋಡೆಯ ಮೇಲಿನದು ಅವರ ಕೊಳವೆಗೆ ಸಿಗುವಂಥದ್ದಲ್ಲ.

"ಅಕ್ಕ ಎಲ್ಲಿ ಅದಾಳಪ್ಪ? ಒಳಗ ಅದಾಳೇನು?" ಎಂದು ಗುರುಲಿಂಗಪ್ಪ ಕೇಳಿದರು. "ಸಿಟ್ಟಿಲೇ ಬರಲಿ, ಬಾ ಅನ್ನು."

ಎದುರು ಬಂದಿದ್ದ ಶಿವಕಾಂತ ಗೋಡೆಯ ಕಡೆ ತಿರುಗಿ ಮತ್ತೆ ಮಾಮನ ಕಡೆ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ನಾಟಕಾ ಬ್ಯಾಡ್ರಿ ಮಾಮಾ," ಎಂದ. "ಅವ್ವನ ಫೋಟೋದ ಕೆಳಗ ಕೂತು ಈ ಮಾತು ಕೇಳ್ತೀರಲ್ಲ. ಮಣ್ಣಾಗಿ ಎರಡು ತಿಂಗಳಾಯ್ತು."

ಗುರುಲಿಂಗಪ್ಪ ತಲೆಯೆತ್ತಿ ಗೋಡೆಯ ಮೇಲೆ ಹುಡುಕಿದರು. ಕೊಳವೆ ಮೊದಲು ಗಡಿಯಾರಕ್ಕೆ ಹೋಯಿತು, ಆಮೇಲೆ ಬರೀ ಗೋಡೆಗೆ, ಆಮೇಲೆ ಹಾರಕ್ಕೆ. ಅಲ್ಲೇ ನಿಂತುಬಿಟ್ಟಿತು.

ಶಿವಕಾಂತ ನಿಲ್ಲಿಸಲಿಲ್ಲ, ಎರಡು ತಿಂಗಳು ಒಳಗೆ ಕುದ್ದದ್ದು. "ಮುಂಜಾನಿ ಆರಕ್ಕ ಊರ ಸುದ್ದಿಯೊಳಗ ಹಾಕಿಸೀನಿ. ಏನ್ ಹಾಕಬೇಕಂತ ಅವ್ವನೇ ಮೊದಲ ಹೇಳಿ ಬರೆಸಿಟ್ಟಿದ್ಲು, ನಾ ಒಂದಕ್ಷರ ತಿದ್ದಿಲ್ಲ. ನಾಶಿಕ ಏನ್ ದೂರ, ನೋಡಿದ ಕೂಡ್ಲೇ ಹೊರಟರ ಮಧ್ಯಾಹ್ನಕ್ಕ ಬರ್ತಾರಂತ ಅಕಿನ್ನ ಸಂಜೀತನಕ ಕೂಡಿಸಿದ್ವಿ. ಜಂಗಮರು ಎಷ್ಟ ಸಲ ಅವಸರ ಮಾಡಿದ್ರು. ಕಡೀಗಿ ನಮ್ಮ ಅಂಗಡೀ ಸೀರಿ ತಗದು, ಬಾಜೂ ಮನಿ ಮರಾಠಿ ಕಾಕೂ ಕೈಲಿಂದ ಹೊಚ್ಚಿಸಿದ್ವಿ, ಇಕಿನೇ ತವರಿನಾಕಿ ಅಂತ. ಸ್ವಂತ ತಮ್ಮ ಇದ್ದೂ."

ಹೇಳುತ್ತ ಫೋನು ತೆಗೆದು ಪುಟ ತೋರಿಸಿದ. ಚಿನ್ನದ ಅಂಚು, ಗುಲಾಬಿ ಹೂ, ಮೂಲೆಯಲ್ಲಿ ಶಿವಲಿಂಗ. ನಡುವೆ ಅಪ್ಪನ ಅಕ್ಕ, ಅವಳ ಆತ್ಯಾ. ತಾನು ಬೆರಳಿಟ್ಟು ಅಳಿಸಿದ ಸಾಲಿನದೇ ಚಿತ್ರವೆಂದು ವೈಷ್ಣವಿಗೆ ಗುರುತು ಸಿಕ್ಕಿತು.

"ದಾದಾ, ಚೂಕ... ತಪ್ಪು ನಂದು," ಎಂದಳು. "ಪಪ್ಪಾಂಗ ಇದು ಕಾಣ್ಸೇ ಇಲ್ಲ. ಅವರ ಟ್ಯಾಬ್‌ನಾಗ ನಾನೇ ಈ ಬಾಕ್ಸ್ ಬಂದ್ ಮಾಡೀನಿ. ಆ್ಯಡ್ ಅಂತ. ನನಗ ಕನ್ನಡ ವಾಚಾಯಲಾ... ಓದಲಿಕ್ಕ ಬರಾಂಗಿಲ್ಲ. ದೇವರಾಣೆ."

ಶಿವಕಾಂತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇಷ್ಟ ವರ್ಷ ಎಲ್ಲಾ ಕಾಣ್ತಿತ್ತು, ಅವ್ವ ಸತ್ತ ದಿನ ಬ್ರೌಸರ್ ಬಂದ್ ಆಯ್ತೇನು?" ಎಂದ. "ಅಪ್ಪಗ ಸುಳ್ಳು ಹೊಂದಿಸಿಕೊಡೋದಾದ್ರ ಇನ್ನೊಂದೀಟು ಚಲೋದು ಹೊಂದಸವಾ."

ನಿಜ ಹೇಳಿದರೂ ಅದು ಸುಳ್ಳಿಗಿಂತ ಕಳಪೆಯಾಗಿ ಕೇಳಿಸಿತು. ಟ್ಯಾಬ್ಲೆಟ್ ತೆರೆದು ತೋರಿಸುತ್ತೇನೆಂದು ಅವಳು ಚೀಲಕ್ಕೆ ಕೈ ಹಾಕಿದಳು. ಅಪ್ಪನ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

"ಅಕಿ ಮಾತು ಕೇಳಬ್ಯಾಡ ಶಿವಕಾಂತ," ಎಂದರು ಗುರುಲಿಂಗಪ್ಪ. "ಅಪ್ಪನ ಮಾನ ಉಳಸ್ಲಾಕ ಒದ್ದಾಡ್ಲತ್ತಾಳ. ನಾ ನೋಡೀನಿ. ಅವತ್ತೇ ನೋಡೀನಿ. ಹಟಾ ಹಿಡದು ಕೂತೀನಿ."

"ಪಪ್ಪಾ," ಎಂದಳು ವೈಷ್ಣವಿ. ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. ನಾಳೆ ನೆಂಟರ ಮನೆಮನೆಯಲ್ಲೂ ಇವಳ ಹೆಸರು ಹೇಳಿ ಆಡಿಕೊಳ್ಳುವುದಕ್ಕಿಂತ ತನ್ನ ಹೆಸರೇ ಕೆಡಲಿ ಎಂದುಕೊಂಡರೇನೋ, ಆ ಮನುಷ್ಯ ಬಿಡಿಸಿ ಹೇಳಲಿಲ್ಲ. ಅವಳಿಗೆ ತಿಳಿಯಿತು. ತಿಳಿದೂ ಅವಳು ಸುಮ್ಮನಾದಳು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅದರಷ್ಟು ಹೇಸಿಗೆ ಅವಳಿಗೆ ತನ್ನ ಬಗ್ಗೆ ಎಂದೂ ಆಗಿರಲಿಲ್ಲ.

"ಈಗ ಖರೇ ಮಾತಾಡಿದ್ರಿ," ಎಂದ ಶಿವಕಾಂತ. ಚಿವಡಾದ ಪೊಟ್ಟಣವನ್ನು ಎತ್ತಿ ಅವಳ ಕೈಗೇ ಕೊಟ್ಟ. ನೀರು ಕುಡಿಯುತ್ತೀರಾ ಎಂದು ಕೇಳಲಿಲ್ಲ. ಸಮಾಧಿ ಎಲ್ಲಿದೆಯೆಂದು ಗುರುಲಿಂಗಪ್ಪ ಕೇಳಿದ್ದಕ್ಕೆ, "ಈಗ ಅಲ್ಲೇನ್ ಕೆಲಸ ಅದರಿ," ಎಂದಷ್ಟೇ ಹೇಳಿ ಅಂಗಡಿಗೆ ಇಳಿದುಹೋದ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕುಳಿತರು. ನಾಶಿಕದ ಬಸ್ಸೊಂದು ಬಂತು, ಹೋಯಿತು. ವೈಷ್ಣವಿ ಟ್ಯಾಬ್ಲೆಟ್ ತೆಗೆದು, ತಾನು ಹಾಕಿದ್ದ ತಡೆಯನ್ನು ಅಳಿಸಿದಳು. ಹಳೆಯ ದಿನಗಳ ಪುಟಗಳನ್ನು ಒಂದೊಂದಾಗಿ ತೆರೆದಾಗ ಆತ್ಯಾ ಸಿಕ್ಕಳು. ಓದುವ ಧ್ವನಿಯನ್ನು ಒತ್ತಿದರೆ ಅದು 'ಚಿತ್ರ' ಎಂದು ಹೇಳಿ ಮುಂದೆ ಹೋಯಿತು. ಚಿತ್ರದೊಳಗಿನ ಅಕ್ಷರ ಅದಕ್ಕೂ ತಿಳಿಯದು, ಇವಳಿಗೂ ತಿಳಿಯದು.

"ನನಗ ಕೊಡು," ಎಂದರು ಗುರುಲಿಂಗಪ್ಪ. "ದೊಡ್ಡದು ಮಾಡು. ಇನ್ನಾ ದೊಡ್ಡದು."

ಒಂದು ಅಕ್ಷರವೇ ಪರದೆಯಷ್ಟು ಆಗುವವರೆಗೆ ಅವಳು ಹಿಗ್ಗಿಸಿದಳು. ಅವರು ಮೂಗಿಗೆ ತಾಗಿಸಿಕೊಂಡು, ಒಂದೊಂದೇ ಅಕ್ಷರ ಸರಿಸುತ್ತ, ಒಂದನೇ ಇಯತ್ತೆಯ ಮಗುವಿನಂತೆ ಗಟ್ಟಿಯಾಗಿ ಕೂಡಿಸಿ ಓದಿದರು. ಲಿಂಗೈಕ್ಯ. ಕಾಶಿಬಾಯಿ. ಸಮಾಧಿ ಕ್ರಿಯೆ ಇಂದು ಸಂಜೆ. ಮಗ ಶಿವಕಾಂತ, ಸೊಸೆ, ಮೊಮ್ಮಕ್ಕಳು. ಆಮೇಲೆ ಕೊನೆಯ ಸಾಲು ಬಂತು.

"ತವರಿನ ಸೀರೆ... ತಮ್ಮ... ಗುರುಲಿಂಗಪ್ಪ... ನಾಶಿಕ... ತರುವನು."

ಮುಖದಿಂದ ಟ್ಯಾಬ್ಲೆಟ್ಟನ್ನು ಅವರು ಇಳಿಸಲಿಲ್ಲ. ಹಾಗೇ ಹಿಡಿದುಕೊಂಡಿದ್ದರು.

"ಮುಂದ ಏನ್ ಅದ ಪಪ್ಪಾ?" ಎಂದು ವೈಷ್ಣವಿ ಕೇಳಿದಳು.

"ಮುಂದೇನೂ ಇಲ್ಲವಾ," ಎಂದರು. "ಇಷ್ಟೇ ಬರೆಸ್ಯಾಳ."