ಸೀಮೆಸುಣ್ಣದ ತೆಪ್ಪ

ಕಮಲಾಪುರದ ಹೋಟೆಲಿನ ಹಾಲ್‌ನಲ್ಲಿ ಎಸಿ ಇತ್ತು, ಮೇಜಿನ ಮೇಲೆ ನೀರಿನ ಬಾಟಲಿಗಳಿದ್ದವು, ಮಧ್ಯಾಹ್ನಕ್ಕೆ ಹೋಳಿಗೆ ಊಟ ಎಂದೂ ಹೇಳಿದ್ದರು. ಯಲ್ಲೇಶನಿಗೆ ಅನುಮಾನ ಬಂದದ್ದು ಹೋಳಿಗೆಯಿಂದ.

ಹೊಸಪೇಟೆಯ ಸಮುದಾಯ ಕಾಲೇಜಿನಲ್ಲಿ ಅವನು ವೆಲ್ಡಿಂಗ್ ಕಲಿಸುತ್ತಾನೆ. ಗುತ್ತಿಗೆ ಕೆಲಸ, ಜೂನ್ ಬಂದರೆ ನವೀಕರಣ. ಚಹಾಕ್ಕೂ ಲೆಕ್ಕ ಕೇಳುವ ಆಡಳಿತ ಮಂಡಳಿ ಈಗ, ಮೇ ತಿಂಗಳಲ್ಲಿ, ಬೋಧಕರಿಗೆ ನಾಯಕತ್ವ ತರಬೇತಿ ಕೊಡಿಸುತ್ತಿತ್ತು. ಯಶವಂತನಗರದಲ್ಲಿ ಅವನ ಅಪ್ಪ ದುಡಿಯುತ್ತಿದ್ದ ಗಣಿ ಕಂಪನಿಯೂ ಒಮ್ಮೆ ಹೀಗೇ ಕರೆದು, ಆಟ ಆಡಿಸಿ, ಸಿಹಿಯೂಟ ಹಾಕಿತ್ತು. ಮುಂದಿನ ವಾರ ಕಂಪನಿ ಬಸ್ಸು ಅಪ್ಪನ ಮುಂದೆ ನಿಲ್ಲದೆ ಹೋಯಿತು. ಕೆಲಸ ಹೋಯಿತೆಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಸ್ಸು ನಿಲ್ಲುತ್ತಿರಲಿಲ್ಲ, ಅಷ್ಟೇ.

ತರಬೇತಿಗೆಂದು ಬೆಂಗಳೂರಿನಿಂದ ಬಂದಿದ್ದ ಅಪೇಕ್ಷಾ ಸೀಮೆಸುಣ್ಣದಲ್ಲಿ ನೆಲದ ಮೇಲೊಂದು ದೊಡ್ಡ ವೃತ್ತ ಬರೆದಳು.

"ಇದು ತೆಪ್ಪ. ನಡುಹೊಳೇಲಿದ್ದೀರಿ, ನೀರು ತುಂಬ್ತಾ ಇದೆ. ಒಬ್ಬರು ಇಳೀಬೇಕು. ಯಾರು ಅಂತ ನೀವೇ ಮಾತಾಡ್ಕೊಳ್ಳಿ."

ಗೈಡ್ ಕೋರ್ಸಿನ ಜಂಬುನಾಥ್, ಕಂಪ್ಯೂಟರ್ ಕಲಿಸುವ ಸುಷ್ಮಿತಾ, ಹೊಲಿಗೆಯ ಉಚ್ಚೆಂಗಮ್ಮ, ಯಲ್ಲೇಶ ಒಳಗೆ ನಿಂತರು. ಪ್ರಾಂಶುಪಾಲ ಅಚ್ಯುತ ಹಿಂದಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ತೆಪ್ಪದಾಗ ಯಾರನ್ನೂ ಇಳಸಂಗಿಲ್ಲ ಮೇಡಂ," ಜಂಬುನಾಥ್ ನಕ್ಕ. "ದಪ್ಪ ಇದ್ದೋರನ್ನ ಎದುರುಬದುರು ಕುಂದ್ರಸ್ತಾರ. ನಮ್ಮ ಉಚ್ಚೆಂಗಮ್ಮಕ್ಕನ ಎದುರಿಗೆ ಇಬ್ರು ಬೇಕು."

"ನಿನ್ನ ಬಾಯಿಗೆ ಹುಕ್ಕು ಹಚ್ತೀನಿ, ತಡಿ," ಎಂದಳು ಉಚ್ಚೆಂಗಮ್ಮ.

ಯಲ್ಲೇಶ ನಗಲಿಲ್ಲ. ಅವನು ಅಪೇಕ್ಷಾಳ ಪೆನ್ನನ್ನೇ ನೋಡುತ್ತಿದ್ದ. ಜಂಬುನಾಥ್ ಮಾತಾಡಿದಾಗ ಅದು ಬರೆಯಿತು. ಸುಷ್ಮಿತಾ "ನಂಗ ಈಜು ಬರಂಗಿಲ್ರಿ" ಎಂದಾಗಲೂ ಬರೆಯಿತು. ಯಾರ ಹೆಸರೂ ಎತ್ತಬಾರದು, ಮುಂದೆ ಬರಬಾರದು, ಹಿಂದೆ ಸರಿಯಲೂಬಾರದು ಎಂದುಕೊಂಡು ಕಂಬದಂತೆ ನಿಂತ.

"ನಾನ ಇಳೀತೀನಿ ಬಿಡ್ರಿ, ಚಾ ಆರಾಕತ್ತೈತಿ," ಎಂದು ಉಚ್ಚೆಂಗಮ್ಮ ಗೆರೆ ದಾಟಿದಳು.

ಚಪ್ಪಾಳೆ ಬಿತ್ತು. ಯಲ್ಲೇಶ ಅವಳ ತೋಳು ಹಿಡಿದ. "ಬ್ಯಾಡಕ್ಕಾ, ಒಳಗ ಬಾ."

"ಬಿಡಲೇ, ಆಟ ಅದು!"

ಪೆನ್ನು ಈಗ ನಿಲ್ಲದೆ ಓಡಿತು.

ಊಟಕ್ಕೆ ಬಿಟ್ಟಾಗ ಅಚ್ಯುತ ಅವನೊಬ್ಬನನ್ನೇ ಪಕ್ಕದ ಕೋಣೆಗೆ ಕರೆದರು.

"ಕುಂದ್ರಿ ಯಲ್ಲೇಶ್. ಜೂನ್‌ನಿಂದ ನಿಮ್ಮನ್ನ ಕೋಆರ್ಡಿನೇಟರ್ ಮಾಡಬೇಕಂತ ಐತಿ. ಮೇಡಂ ಸುದ್ದಾ ನಿಮ್ಮ ಹೆಸರು ಹೇಳಿದ್ರು."

"ಆಟದಾಗ ನಾ ಯಾರ ಹೆಸರೂ ಹೇಳಲಿಲ್ಲಲ್ರಿ ಸರ್."

"ಅದಕ್ಕ. ಎಲ್ಲಾರನ್ನೂ ನೋಡಿಕೊಂತ ನಿಂತಿದ್ರಿ. ಅಂಥೋರು ಬೇಕು." ಅಚ್ಯುತ ದನಿ ಇಳಿಸಿದರು. "ಬರೋ ವರ್ಷ ನಾಲ್ಕರಾಗ ಮೂರ ಕೋರ್ಸ್ ಇರ್ತಾವ. ಯಾವುದು ಬಿಡಬೇಕು, ನೀವ ಹೇಳ್ರಿ. ನಮ್ಮಿಬ್ರ ನಡುವ ಇರ್ಲಿ. ಉಚ್ಚೆಂಗಮ್ಮ ಅಂತೂ ತಾವ ಇಳದ್ರು, ನೋಡಿದ್ರಲ್ಲ."

"ವೆಲ್ಡಿಂಗ್ ಉಳೀತೈತಲ್ರಿ?"

"ನೀವು ಉಳದ್ರ ಉಳೀತೈತಿ."

ಎದೆ ಹಗುರಾಯಿತು. ಹಗುರಾದದ್ದು ತಿಳಿದು ಯಲ್ಲೇಶನಿಗೆ ಭಯವಾಯಿತು. ಅಂದು ಗಣಿಯಲ್ಲಿ ಅಪ್ಪನ ಹೆಸರು ಕೊಟ್ಟವನು ಯಾರೇ ಇರಲಿ, ಅವನೂ ಮೊದಲು ತನ್ನದು ಉಳಿಯುತ್ತದೆಯೇ ಎಂದೇ ಕೇಳಿರಬೇಕು. ಅವನು ಎದ್ದು ಬಾಗಿಲು ತೆರೆದ.

"ಅಕ್ಕಾ, ಜಂಬು, ಸುಷ್ಮಿತಾ ಮೇಡಂ, ಜಲ್ದಿ ಬರ್ರಿ. ಸರ್ ಒಂದು ಕೇಳಾಕತ್ತಾರ, ಎಲ್ಲಾರೂ ಕೂಡಿ ಹೇಳಬೇಕು."

"ಬ್ಯಾಡ್ರಿ," ಅಚ್ಯುತ ಅರ್ಧ ಎದ್ದರು. "ನಿಮ್ಮದೂ ಹೋಗ್ತೈತಿ."

ಮೂವರೂ ತಟ್ಟೆ ಹಿಡಿದೇ ಬಂದರು. ಜಂಬುನಾಥ್ ಪ್ರಾಂಶುಪಾಲರನ್ನು ನೋಡಿದ, ಆಮೇಲೆ ಯಲ್ಲೇಶನನ್ನು. ಮುಖದಲ್ಲಿ ನಗುವಿರಲಿಲ್ಲ.

"ಎಷ್ಟೊತ್ತಾತು ಒಳಗ ಕುಂತು? ನಮ್ಮ ಬಗ್ಗೆ ಏನ್ ಹೇಳಿದಿ?"

"ಹೇಳ್ತೀನಿ, ಕುಂದ್ರಿ," ಯಲ್ಲೇಶ ಕುರ್ಚಿಗಳನ್ನು ಎಳೆದ. "ನಾ ಮೊದಲು ಏನ್ ಕೇಳಿದೆ, ಅದನ್ನೂ ಹೇಳ್ತೀನಿ."

ಯಾರೂ ಕೂರಲಿಲ್ಲ.